ಪೊರೆ ತೆಗೆಯುವವರು ಊರಿಗೆ ಬಂದ ಬಗೆ

ಭಾರತದ ಗ್ರಾಮಾಂತರ ಪ್ರದೇಶದ ನೇತ್ರ ಚಿಕಿತ್ಸೆಯ ಚರಿತ್ರೆಯನ್ನು ಶಸ್ತ್ರಕ್ರಿಯೆಯ ಸುಧಾರಣೆಯ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಮೊದಲು ಸಲಾಕೆ, ಆಮೇಲೆ ಚೂರಿ, ಕೊನೆಗೆ ಕೃತಕ ಮಸೂರ ಎಂಬ ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೂ ತಜ್ಞರು ಪಟ್ಟಣಗಳಲ್ಲಿ ನೆಲೆಸಿ, ದೃಷ್ಟಿ ಕಳೆದುಕೊಂಡವರು ಹಳ್ಳಿಗಳಲ್ಲೇ ಉಳಿದ ನಾಡಿನಲ್ಲಿ ಶಸ್ತ್ರದ ಹರಿತಕ್ಕಿಂತ ಹೆಚ್ಚಾಗಿ ಕಣ್ಣುಗಳ ಹಣೆಬರಹವನ್ನು ನಿರ್ಧರಿಸಿದ ಸಂಗತಿಗಳು ಎರಡು: ಚಿಕಿತ್ಸೆ ಮಾಡಿದ ಕೈ ಚಿಕಿತ್ಸೆಯ ನಂತರವೂ ರೋಗಿಗೆ ಎಟುಕುವಷ್ಟು ಹತ್ತಿರದಲ್ಲಿ ಇದ್ದಿತೇ ಎಂಬುದು ಒಂದು, ಆ ಕೈಯ ಕೆಲಸದಲ್ಲಿ ಎಷ್ಟನ್ನು ವೈದ್ಯರಲ್ಲದವರು ಹೊತ್ತುಕೊಳ್ಳಲು ಸಾಧ್ಯವಾಯಿತು ಎಂಬುದು ಇನ್ನೊಂದು. ಈ ಎರಡು ಸಂಗತಿಗಳನ್ನು ಹಿಡಿದು ನೋಡಿದರೆ, ಹಳೆಯ ಕಾಲದ ಅಲೆಮಾರಿ ಕಣ್ಣುವೈದ್ಯನಿಗೂ ಇಪ್ಪತ್ತನೆಯ ಶತಮಾನದ ಬೃಹತ್ ನೇತ್ರ ಶಿಬಿರಕ್ಕೂ ನಡುವೆ, ಶಿಬಿರದ ಅಭಿಮಾನಿಗಳು ಒಪ್ಪುವುದಕ್ಕಿಂತ ಹತ್ತಿರದ ನಂಟು ಕಾಣಿಸುತ್ತದೆ.

ಈ ಚರಿತ್ರೆಯ ಬಹುಭಾಗ ಪೊರೆಯ ಸುತ್ತಲೇ ತಿರುಗುವುದಕ್ಕೆ ಕಾರಣ ಆ ರೋಗದ ಸ್ವಭಾವದಲ್ಲೇ ಇದೆ. ಪೊರೆಯೆಂಬುದು ಹೊರಗಿನಿಂದ ಬಂದು ಕಣ್ಣಿಗೆ ಅಂಟುವ ಪದರವಲ್ಲ. ಪಾಪೆಯ ಹಿಂದಿರುವ ಪಾರದರ್ಶಕ ಮಸೂರವೇ ವಯಸ್ಸಾದಂತೆ ಮಬ್ಬಾಗುತ್ತ ಹೋಗಿ ಬೆಳಕಿಗೆ ಅಡ್ಡ ನಿಲ್ಲುವ ಸ್ಥಿತಿ ಅದು. ಯಾವ ಔಷಧಿಯೂ ಅದನ್ನು ಕರಗಿಸದು, ಮಸೂರವನ್ನು ಬೆಳಕಿನ ದಾರಿಯಿಂದ ಸರಿಸಬೇಕು ಇಲ್ಲವೇ ಕಣ್ಣಿನಿಂದ ಹೊರತೆಗೆಯಬೇಕು. ಕರಿಗುಡ್ಡೆಯ ಮೇಲೆ ಗಾಯದ ಕಲೆ ಉಳಿದು, ಜನ ‘ಕಣ್ಣಿಗೆ ಹೂವು ಬಿದ್ದಿದೆ’ ಎನ್ನುವ ಕುರುಡಿಗೆ ಸಂಚಾರಿ ವೈದ್ಯನ ಬಳಿ ಉಪಾಯವಿರಲಿಲ್ಲ. ಪೊರೆಯಾದರೋ ಕೆಲವು ನಿಮಿಷಗಳ ಕೈಚಳಕಕ್ಕೆ ಬಗ್ಗುವಂಥದು, ಅದರ ಫಲವೂ ಕಟ್ಟು ಕಟ್ಟುವ ಮೊದಲೇ ಕಾಣಿಸುವಂಥದು. ಊರಿಂದೂರಿಗೆ ಹೋಗಿ ಮಾಡಬಹುದಾದ ಶಸ್ತ್ರಚಿಕಿತ್ಸೆಯೊಂದಿದ್ದರೆ ಅದು ಇದೇ.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಈ ಕ್ರಿಯೆಯ ವಿವರಣೆಯಿದೆ. ತೀರ ಸೆಕೆಯೂ ತೀರ ಚಳಿಯೂ ಇಲ್ಲದ ಕಾಲದಲ್ಲಿ ರೋಗಿಯನ್ನು ಕೂರಿಸಿ, ತನ್ನ ಮೂಗಿನ ಕಡೆ ನೋಡುವಂತೆ ಹೇಳಿ, ಬಿಳಿಗುಡ್ಡೆಯ ಗೊತ್ತಾದ ಜಾಗದಲ್ಲಿ ಜವೆಗೋಧಿಯ ಕಾಳಿನಂಥ ಮೊನೆಯುಳ್ಳ ಸಲಾಕೆಯನ್ನು ತೂರಿಸಿ ದೋಷವನ್ನು ಸರಿಸಬೇಕೆಂದು ಅಲ್ಲಿ ಹೇಳಿದೆ. ಗ್ರಂಥದ ವಿವರಣೆಯನ್ನು ಅದರದೇ ರೋಗಸಿದ್ಧಾಂತದ ಒಳಗೆ ಓದಬೇಕಾದರೂ, ಅದೇ ಪರಂಪರೆಯಲ್ಲಿ ಮುಂದೆ ಸಾವಿರಾರು ಕಣ್ಣುಗಳ ಮೇಲೆ ನಡೆದದ್ದು ಮಸೂರವನ್ನು ಕಣ್ಣಿನ ಒಳಗಡೆಯೇ ಕೆಳಕ್ಕೆ ದಬ್ಬುವ ಕ್ರಿಯೆ ಎಂಬುದರಲ್ಲಿ ಅನುಮಾನವಿಲ್ಲ. ಗಮನಿಸಬೇಕಾದ ಮಾತು ಕ್ರಿಯೆಯ ನಂತರದ ಭಾಗದಲ್ಲಿದೆ. ರೋಗಿ ಕೆಮ್ಮಬಾರದು, ಸೀನಬಾರದು, ತೇಗಬಾರದು, ಉಗುಳಬಾರದು. ಕಟ್ಟನ್ನು ಕೆಲವು ದಿನಗಳಿಗೊಮ್ಮೆ ಬಿಚ್ಚಿ ಕಷಾಯದಿಂದ ತೊಳೆದು ಮತ್ತೆ ಕಟ್ಟಬೇಕು. ಹತ್ತು ದಿನಗಳ ಕಟ್ಟುನಿಟ್ಟಾದ ಪಥ್ಯ ನಡೆಯಬೇಕು. ಅಂದರೆ ಗ್ರಂಥ ಕಲ್ಪಿಸಿಕೊಂಡ ವೈದ್ಯ ಸಲಾಕೆಯನ್ನು ಹೊರಗೆಳೆದ ಮೇಲೂ ರೋಗಿಯ ಪಕ್ಕದಲ್ಲೇ ಇರುವವನು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸ ಯಾರ ಕೈಯಲ್ಲಿತ್ತು ಎಂಬುದರ ಚಿತ್ರ ಬಹುಮಟ್ಟಿಗೆ ಬ್ರಿಟಿಷ್ ಸರ್ಜನ್ನರ ಬರಹಗಳಿಂದ ದೊರೆಯುವಂಥದ್ದಾದ್ದರಿಂದ ಅದನ್ನು ಎಚ್ಚರದಿಂದಲೇ ಓದಬೇಕಾಗುತ್ತದೆ. ಪಂಜಾಬಿನಲ್ಲಿ ರಾವಲ್ ಎಂದೂ ಉತ್ತರದ ಬೇರೆ ಕಡೆಗಳಲ್ಲಿ ಸಾಥಿಯಾ ಎಂದೂ ಕರೆಸಿಕೊಂಡ, ತಂದೆಯಿಂದ ಮಗನಿಗೆ ಕಸುಬು ದಾಟಿಸುತ್ತಿದ್ದ ಈ ಅಲೆಮಾರಿಗಳು ಜಾತ್ರೆ, ಸಂತೆ, ಹಳ್ಳಿಗಳನ್ನು ಸುತ್ತುತ್ತ ಮನೆಯ ಜಗಲಿಯಲ್ಲೇ ಪೊರೆ ದಬ್ಬುತ್ತಿದ್ದರು. ರೋಗಿಗೆ ಆ ಕ್ಷಣವೇ ಬೆರಳು, ಬಣ್ಣ, ಮುಖಗಳು ಕಾಣಿಸುತ್ತಿದ್ದವು. ಹಣ ಪಡೆದು, ಕಣ್ಣಿಗೆ ಬಟ್ಟೆ ಕಟ್ಟಿ, ಇಷ್ಟು ದಿನ ಬಿಚ್ಚಕೂಡದೆಂದು ಹೇಳಿ ವೈದ್ಯ ಮುಂದಿನ ಊರಿಗೆ ನಡೆಯುತ್ತಿದ್ದ. ಕಣ್ಣಿನೊಳಗೆ ತೇಲುತ್ತ ಉಳಿದ ಮಸೂರದಿಂದ ಉರಿಯೂತ ಹುಟ್ಟುವುದು, ಶುಚಿಯಿಲ್ಲದ ಸೂಜಿಯಿಂದ ಕೀವಾಗುವುದು, ಕಣ್ಣಿನ ಒತ್ತಡ ಏರಿ ನರ ಸಾಯುವುದು — ಇವೆಲ್ಲ ದಿನಗಳ ಅಥವಾ ತಿಂಗಳುಗಳ ಆಮೇಲಿನ ಮಾತುಗಳಾದ್ದರಿಂದ, ಕ್ರಿಯೆಯ ಯಶಸ್ಸು ಅವನ ಕಣ್ಣೆದುರು ಘಟಿಸಿದರೆ ಸೋಲು ಅವನ ಬೆನ್ನ ಹಿಂದೆ ಘಟಿಸುತ್ತಿತ್ತು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಹೀಗೆ ಕೆಟ್ಟ ಕಣ್ಣುಗಳನ್ನು ಸಂಗ್ರಹಿಸಿ, ಸೀಳಿ ಪರೀಕ್ಷಿಸಿ, ಭಾರತದ ಈ ಪದ್ಧತಿಯ ಬಗ್ಗೆಯೇ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಪುಸ್ತಕವೊಂದನ್ನು ಪ್ರಕಟಿಸಿದರು. ಅವರ ತೀರ್ಪು ಕಠೋರವಾದದ್ದು. ಚೆನ್ನಾಗಿ ಉಳಿದ ಕಣ್ಣಿನವರು ಆಸ್ಪತ್ರೆಗೆ ಬರುವ ಕಾರಣವೇ ಇರಲಿಲ್ಲವೆಂಬ ಮಿತಿ ಅಂಥ ಸಂಗ್ರಹಕ್ಕೆ ಇದ್ದೇ ಇರುತ್ತದಾದರೂ, ಕೆಟ್ಟ ಕಣ್ಣುಗಳ ರಾಶಿಯೇ ದೊಡ್ಡದಾಗಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಇಷ್ಟಾದರೂ ಜನ ಆ ಅಲೆಮಾರಿ ವೈದ್ಯನನ್ನೇ ಏಕೆ ಕಾಯುತ್ತಿದ್ದರು ಎಂಬ ಪ್ರಶ್ನೆಗೆ ಮೌಢ್ಯವೆಂಬ ಉತ್ತರ ಸುಲಭದ್ದು, ಸಾಲದ್ದು. ಅವನು ಮನೆಬಾಗಿಲಿಗೆ ಬರುತ್ತಿದ್ದ, ಆಸ್ಪತ್ರೆ ಬರುತ್ತಿರಲಿಲ್ಲ.

ಆಸ್ಪತ್ರೆಗಳಾದರೂ ಬೆರಳೆಣಿಕೆಯಷ್ಟು. ಮದರಾಸಿನ ಕಣ್ಣಾಸ್ಪತ್ರೆ 1819ರಲ್ಲೇ ಆರಂಭವಾಗಿತ್ತು. ಅದೇ ಕಾಲದಲ್ಲಿ ತಂಜಾವೂರಿನ ಎರಡನೆಯ ಶರಭೋಜಿ ಮಹಾರಾಜನ ಆಶ್ರಯದಲ್ಲಿ ನಡೆದ ಕಣ್ಣಿನ ಚಿಕಿತ್ಸೆಗಳ ಸಚಿತ್ರ ದಾಖಲೆಗಳು ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಉಳಿದುಬಂದಿವೆ. ಮೈಸೂರು ಸಂಸ್ಥಾನದಲ್ಲಿ 1896ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಣ್ಣಾಸ್ಪತ್ರೆಗೆ 1913ರಲ್ಲಿ ಹೊಸ ಕಟ್ಟಡವೂ, ವೈಸ್‌ರಾಯ್ ಆಗಿದ್ದ ಮಿಂಟೋ ಪ್ರಭುವಿನ ಹೆಸರೂ ಬಂದವು. ಚಿತ್ರದುರ್ಗದ ಅಥವಾ ರಾಯಚೂರಿನ ಕಡೆಯ ಒಕ್ಕಲಿಗ ಮುದುಕನೊಬ್ಬನಿಗೆ ಇವು ಯಾವುವೂ ಹತ್ತಿರದವಲ್ಲ. ಕಾಣದವನು ಒಬ್ಬನೇ ಹೊರಡುವಂತಿಲ್ಲ, ಅವನ ಕೈಹಿಡಿದು ಬರುವವರೂ ದುಡಿಮೆ ಬಿಟ್ಟು ವಾರಗಟ್ಟಲೆ ಪಟ್ಟಣದಲ್ಲಿ ನಿಲ್ಲಬೇಕು. ಕುರುಡು ಉಳಿದ ರೋಗಗಳಿಗಿಂತ ಭಿನ್ನವಾಗುವುದು ಇಲ್ಲಿಯೇ: ಅದು ರೋಗಿಯನ್ನು ಆಸ್ಪತ್ರೆಯಿಂದ ದೂರವಿಡುವ ರೋಗ.

ಮಸೂರವನ್ನು ದಬ್ಬುವ ಬದಲು ಹೊರತೆಗೆಯುವ ಪದ್ಧತಿಯನ್ನು ಫ್ರಾನ್ಸಿನ ಜಾಕ್ ದವಿಯೆಲ್ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಪ್ರಚಾರಕ್ಕೆ ತಂದಿದ್ದರು. ಆ ಪದ್ಧತಿಯಲ್ಲಿ ಮಸೂರದ ಹೊರಚೀಲವನ್ನು ಕಣ್ಣಿನಲ್ಲೇ ಬಿಟ್ಟು ಒಳಗಿನ ತಿರುಳನ್ನು ಮಾತ್ರ ತೆಗೆಯುತ್ತಿದ್ದರು. ತಿರುಳು ಬಲಿತು ಗಟ್ಟಿಯಾಗದಿದ್ದರೆ ಚೂರುಗಳು ಒಳಗೇ ಉಳಿದು ತೊಂದರೆ ಕೊಡುತ್ತಿದ್ದವು. ಪಂಜಾಬಿನ ಜಲಂಧರದಲ್ಲಿದ್ದ ಹೆನ್ರಿ ಸ್ಮಿತ್ ಎಂಬ ಐರಿಷ್ ಸೇನಾವೈದ್ಯರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಸೂರವನ್ನು ಚೀಲಸಮೇತ ಹೊರಗೊತ್ತಿ ತೆಗೆಯುವ ವಿಧಾನವನ್ನು ಸಾವಿರಗಟ್ಟಲೆ ಕಣ್ಣುಗಳ ಮೇಲೆ ನಡೆಸಿ, ಅಮೆರಿಕದ ಸರ್ಜನ್ನರು ಹಡಗು ಹತ್ತಿ ಬಂದು ನೋಡುವಷ್ಟು ಹೆಸರುವಾಸಿಯಾದರು. ಅದೇ ಪಂಜಾಬಿನ ಮೋಗಾದಲ್ಲಿ ಮಥುರಾದಾಸರೂ, ಸಂಯುಕ್ತ ಪ್ರಾಂತ್ಯದ ಸೀತಾಪುರದಲ್ಲಿ ಎಂ. ಪಿ. ಮೆಹ್ರೆಯವರೂ ಸಣ್ಣ ಊರುಗಳನ್ನೇ ಕಣ್ಣಿನ ಯಾತ್ರಾಸ್ಥಳಗಳನ್ನಾಗಿ ಮಾಡಿದರು. ಮೆಹ್ರೆಯವರ ಆಸ್ಪತ್ರೆಯ ಮೂಲ 1926ರಷ್ಟು ಹಳೆಯದು. ಇವರೆಲ್ಲರಿಂದ ಸ್ಪಷ್ಟವಾದ ಸತ್ಯವೊಂದೇ: ಒಬ್ಬ ಸರ್ಜನ್ ದಿನಕ್ಕೆ ಮಾಡಬಹುದಾದ ಶಸ್ತ್ರಕ್ರಿಯೆಗಳ ಸಂಖ್ಯೆ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಊಹಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಏಕೆಂದರೆ ಚೂರಿ ಕಣ್ಣನ್ನು ಮುಟ್ಟುವ ಹೊತ್ತು ಇಡೀ ಚಿಕಿತ್ಸೆಯಲ್ಲಿ ತೀರ ಚಿಕ್ಕ ಭಾಗ.

ಆ ಸತ್ಯವನ್ನು ಅದರ ತುತ್ತತುದಿಗೆ ಒಯ್ದವರು ಕನ್ನಡ ನಾಡಿನವರು. 1916ರಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿ 1943ರಿಂದ ಊರೂರಿನಲ್ಲಿ ಉಚಿತ ಶಸ್ತ್ರಚಿಕಿತ್ಸಾ ಶಿಬಿರಗಳನ್ನು ನಡೆಸತೊಡಗಿ, ಮುಂದಿನ ಅರ್ಧ ಶತಮಾನ ಅದನ್ನೇ ಬದುಕಾಗಿಸಿಕೊಂಡರು. ಗಿನ್ನೆಸ್ ದಾಖಲೆಯ ಪುಸ್ತಕದ ಪ್ರಕಾರ 1993ರ ಫೆಬ್ರವರಿಯ ಹೊತ್ತಿಗೆ ಅವರು ಮುಟ್ಟಿದ ಹಳ್ಳಿಗಳು 46,120, ಮಾಡಿದ ಶಸ್ತ್ರಕ್ರಿಯೆಗಳು 6,10,564, ಒಂದೇ ದಿನದಲ್ಲಿ ಮಾಡಿದ ಪೊರೆಯ ಶಸ್ತ್ರಕ್ರಿಯೆಗಳು 833. ಪದ್ಮಶ್ರೀ, ಪದ್ಮಭೂಷಣ ಪ್ರಶಸ್ತಿಗಳನ್ನು ಪಡೆದು 2005ರಲ್ಲಿ ತೀರಿಕೊಂಡ ಅವರ ಹೆಸರು ಬೆಂಗಳೂರಿನ ಪಶ್ಚಿಮ ಭಾಗದ ರಸ್ತೆಯೊಂದಕ್ಕೆ, ಅಲ್ಲಿರುವ ಅವರ ಆಸ್ಪತ್ರೆಯ ಮೂಲಕ, ಇಂದೂ ಅಂಟಿಕೊಂಡಿದೆ.

ಈ ಅಂಕಿಗಳನ್ನು ಬೆರಗಿನಿಂದ ಓದಿ ಬಿಟ್ಟುಬಿಡುವುದಕ್ಕಿಂತ ಭಾಗಿಸಿ ನೋಡುವುದು ಲೇಸು. ಹಗಲಿರುಳು ಬಿಡುವಿಲ್ಲದೆ ಕೆಲಸ ನಡೆಯಿತೆಂದೇ ಇಟ್ಟುಕೊಂಡರೂ 833ರ ಆ ದಿನ ಒಂದೊಂದು ಕಣ್ಣಿಗೆ ಎರಡು ನಿಮಿಷವೂ ಬೀಳುವುದಿಲ್ಲ. ಐವತ್ತು ವರ್ಷಗಳ ಲೆಕ್ಕದಲ್ಲಿ ಹಳ್ಳಿಗಳ ಸಂಖ್ಯೆ ವರ್ಷಕ್ಕೆ ಒಂಬೈನೂರನ್ನು ಮೀರುತ್ತದೆ. ಇವು ಒಬ್ಬ ಮನುಷ್ಯನ ಸಾಮರ್ಥ್ಯದ ಅಳತೆಗಳಾಗಿರುವುದಕ್ಕಿಂತ ಹೆಚ್ಚಾಗಿ ಆತನ ಸುತ್ತ ಕಟ್ಟಿದ ವ್ಯವಸ್ಥೆಯ ಅಳತೆಗಳು. ಅಂಥ ಶಿಬಿರದಲ್ಲಿ ಸರ್ಜನ್ ತಲುಪುವ ಮೊದಲೇ ಸುತ್ತಲಿನ ಊರುಗಳಲ್ಲಿ ಡಂಗುರ ಸಾರಿ ಅಥವಾ ಕರಪತ್ರ ಹಂಚಿ ಜನರನ್ನು ಕೂಡಿಸಿ, ಪರೀಕ್ಷಿಸಿ, ಪೊರೆಯವರನ್ನು ಬೇರ್ಪಡಿಸಿ, ರೆಪ್ಪೆಗೂದಲು ಕತ್ತರಿಸಿ, ಕಣ್ಣು ತೊಳೆದು, ಮರಗಟ್ಟಿಸುವ ಔಷಧಿ ಕೊಟ್ಟು ಸಾಲಾಗಿ ಮಲಗಿಸಿರುತ್ತಿದ್ದರು. ನಾಟಿ ಹಾಕುವವರು ಗದ್ದೆಯ ಸಾಲು ಹಿಡಿದು ಸಾಗುವಂತೆ ಸರ್ಜನ್ ಮೇಜಿನಿಂದ ಮೇಜಿಗೆ ಸಾಗಿದರೆ, ಹಿಂದಿನಿಂದ ಬಂದವರು ಮುಲಾಮು ಹಚ್ಚಿ ಕಟ್ಟು ಕಟ್ಟುತ್ತಿದ್ದರು. ವೈದ್ಯರಲ್ಲದವರ ಕೈಗೆ ಕೆಲಸವನ್ನು ಹಂಚುವ ಪಾಠ, ಅದಕ್ಕೆ ನಿಯಮಿತ ತರಬೇತಿಯಾಗಲಿ ಹುದ್ದೆಯ ಹೆಸರಾಗಲಿ ಬರುವ ಎಷ್ಟೋ ಮೊದಲು, ಇಂಥ ಶಾಲಾ ಕೊಠಡಿಗಳಲ್ಲೇ ಕಲಿತದ್ದು.

ಶಾಲಾ ಕೊಠಡಿ ಎಂದದ್ದು ಆಲಂಕಾರಿಕವಾಗಿ ಅಲ್ಲ. ರಜೆಯಲ್ಲಿದ್ದ ಶಾಲೆ, ಧರ್ಮಶಾಲೆ, ಛತ್ರ, ಮಠದ ಪಡಸಾಲೆ, ದಲ್ಲಾಳಿಗಳ ದಾಸ್ತಾನು ಕಟ್ಟಡ ಇವೇ ವಾರ್ಡುಗಳಾಗುತ್ತಿದ್ದವು. ಸುಗ್ಗಿ ಮುಗಿದು ಜನರಿಗೆ ಬಿಡುವಾಗುವ, ಬಿಸಿಲು ಬಲಿಯುವುದಕ್ಕೆ ಮೊದಲಿನ ತಿಂಗಳುಗಳು ಶಿಬಿರದ ಕಾಲವಾಗಿದ್ದವು. ಚೀಲಸಮೇತ ಮಸೂರ ತೆಗೆಯಲು ಕರಿಗುಡ್ಡೆಯ ಅರ್ಧ ಸುತ್ತಿನಷ್ಟು ದೊಡ್ಡ ಗಾಯ ಮಾಡಬೇಕಾಗುತ್ತಿತ್ತು. ಆ ಗಾಯವನ್ನು ಹೊಲಿಗೆ ಇಲ್ಲದೆ ಇಲ್ಲವೇ ಅರೆಬರೆ ಹೊಲಿಗೆಯಲ್ಲಿ ಬಿಡುತ್ತಿದ್ದ ಕಾಲದಲ್ಲಿ ರೋಗಿ ವಾರವಿಡೀ ಅಲುಗಾಡದೆ ಬೆನ್ನಿನ ಮೇಲೆ ಮಲಗಿರಬೇಕಾಗಿತ್ತು. ಊಟ, ಶೌಚ, ಹಾಸಿಗೆ ಎಲ್ಲಕ್ಕೂ ಜೊತೆಯವರು ಬೇಕು, ಜೊತೆಯವರಿಗೂ ಊಟ ಬೇಕು. ಊರಿನ ವರ್ತಕರು, ರೋಟರಿ ಮತ್ತು ಲಯನ್ಸ್ ಸಂಸ್ಥೆಗಳು, ಮಠಗಳು, ಜಾತಿ ಸಂಘಗಳು ಈ ಅನ್ನದಾನವನ್ನು ವಹಿಸಿಕೊಂಡದ್ದರಿಂದಲೇ ಶಿಬಿರ ನಡೆಯಿತು. ದಾನಿಗಳ ಹೆಸರಿನ ಫಲಕ ಶಿಬಿರದ ಮಂಟಪದ ಮೇಲೆ ಎದ್ದು ಕಾಣುತ್ತಿದ್ದುದನ್ನು ಗೇಲಿ ಮಾಡುವವರು, ಸರ್ಕಾರದ ಆಯವ್ಯಯದಲ್ಲಿ ಇದಕ್ಕೆ ಹೆಚ್ಚೇನೂ ಇಲ್ಲದ ಕಾಲ ಅದಾಗಿತ್ತೆಂಬುದನ್ನು ಮರೆಯುತ್ತಾರೆ.

ಆದರೆ ಎಂಟು ಹತ್ತು ದಿನಗಳ ಮೇಲೆ ಮಂಟಪ ಬಿಚ್ಚಿದಾಗ ಉಳಿಯುತ್ತಿದ್ದುದು ಏನು? ಮಸೂರವಿಲ್ಲದ ಕಣ್ಣು ಬೆಳಕನ್ನು ಕಾಣುತ್ತದೆ, ಆಕಾರವನ್ನು ಸ್ಪಷ್ಟವಾಗಿ ಬಿಡಿಸಿಕೊಳ್ಳುವುದಿಲ್ಲ; ಕಳೆದ ಮಸೂರದ ಕೆಲಸವನ್ನು ಹತ್ತು ಡಯಾಪ್ಟರಿನಷ್ಟು, ಅಂದರೆ ಭೂತಗನ್ನಡಿಯಂತೆ ವಸ್ತುಗಳನ್ನು ದೊಡ್ಡದಾಗಿಸಿ ತೋರಿಸುವಷ್ಟು, ಬಲವಾದ ಕನ್ನಡಕ ಮಾಡಬೇಕು. ಹಳ್ಳಿಗಳಲ್ಲಿ ಸೋಡಾಬುಡ್ಡಿ ಕನ್ನಡಕವೆಂದು ಕರೆಯುತ್ತಿದ್ದ ಈ ದಪ್ಪ ಗಾಜು ವಸ್ತುಗಳನ್ನು ಸುಮಾರು ಕಾಲುಭಾಗದಷ್ಟು ಹಿಗ್ಗಿಸಿ ತೋರಿಸುವುದರಿಂದ ಮೆಟ್ಟಿಲು ಇರುವ ಜಾಗದಲ್ಲಿ ಕಾಲು ಬೀಳುವುದಿಲ್ಲ, ಪಕ್ಕದಿಂದ ಬರುವ ಗಾಡಿ ತಟ್ಟನೆ ಪ್ರತ್ಯಕ್ಷವಾಗುತ್ತದೆ. ಒಂದು ಕಣ್ಣಿಗಷ್ಟೇ ಶಸ್ತ್ರಕ್ರಿಯೆಯಾದವರಿಗೆ ಎರಡು ಕಣ್ಣುಗಳ ಚಿತ್ರ ಒಂದಾಗಿ ಕೂಡುವುದೇ ಇಲ್ಲ. ಹೀಗಾಗಿ ಮಂಜುಮಂಜಾಗಿ ಕಾಣುವವರಿಗೆ ಶಸ್ತ್ರಕ್ರಿಯೆಯಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚಾಗುತ್ತಿತ್ತು. ‘ಪೊರೆ ಬಲಿಯಲಿ, ಆಮೇಲೆ ತೆಗೆಸೋಣ’ ಎಂಬ ಮಾತಿಗೆ ಹಳ್ಳಿಯ ಅಜ್ಞಾನ ಕಾರಣವಲ್ಲ, ಅಂದಿನ ವೈದ್ಯಶಾಸ್ತ್ರದ ಲೆಕ್ಕಾಚಾರವೇ ಅದಾಗಿತ್ತು. ಶಾಸ್ತ್ರ ಬದಲಾದ ಮೇಲೂ ಮಾತು ಹಳ್ಳಿಗಳಲ್ಲಿ ಉಳಿದುಕೊಂಡು, ಇಂದಿಗೂ ಆರೋಗ್ಯ ಕಾರ್ಯಕರ್ತರು ಅದನ್ನು ಬಿಡಿಸಲು ಹೆಣಗಬೇಕಾಗಿದೆ. ಶಿಬಿರದಲ್ಲಿ ಎಲ್ಲರಿಗೂ ಒಂದೇ ಅಳತೆಯ ಕನ್ನಡಕ ಹಂಚುವುದು ಸಾಮಾನ್ಯವಾಗಿತ್ತು. ಅದು ಒಡೆದರೆ ಅಥವಾ ಕಳೆದರೆ ರೋಗಿ ಮತ್ತೆ ಕುರುಡನೇ, ಇನ್ನೊಂದು ಕೊಡುವವರು ಸುತ್ತಮುತ್ತ ಇಲ್ಲ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸಮೀಕ್ಷಕರು ಮನೆಮನೆಗೆ ಹೋಗಿ ಶಸ್ತ್ರಕ್ರಿಯೆಯಾದ ಕಣ್ಣುಗಳನ್ನು ಪರೀಕ್ಷಿಸಿದಾಗ, ಅಂಕಿಪಟ್ಟಿಯಲ್ಲಿ ಯಶಸ್ಸೆಂದು ಎಣಿಸಿದ್ದ ಗಣನೀಯ ಪಾಲಿನ ಜನ ಮತ್ತೆ ಕಾಣದವರ ಲೆಕ್ಕಕ್ಕೆ ಬಂದಿದ್ದರು. ಸೂಜಿ ಶುಚಿಯಾಗಿತ್ತು, ವಿಧಾನ ವೈಜ್ಞಾನಿಕವಾಗಿತ್ತು, ಹಣ ಕೇಳಿರಲಿಲ್ಲ. ಆದರೂ ಬಂದವರು ಹೊರಟುಹೋಗಿದ್ದರು ಎಂಬ ಒಂದು ಅಂಶದಲ್ಲಿ ಶಿಬಿರ ರಾವಲನ ವಾರಸುದಾರನೇ ಆಗಿತ್ತು.

ಸರ್ಕಾರ ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಪೊರೆಯ ಮೂಲಕ ಅಲ್ಲ, ಟ್ರಕೋಮದ ಮೂಲಕ. ರೆಪ್ಪೆಯ ಒಳಮೈ ಪದೇಪದೇ ಸೋಂಕಿ ಗಾಯಗೊಂಡು, ಕೊನೆಗೆ ರೆಪ್ಪೆಗೂದಲು ಒಳಕ್ಕೆ ಮಡಿಚಿ ಕರಿಗುಡ್ಡೆಯನ್ನು ಗೀಚುವ ಈ ರೋಗ ಧೂಳು, ನೊಣ, ನೀರಿನ ಕೊರತೆ ಇರುವ ಪಂಜಾಬ್, ರಾಜಸ್ಥಾನಗಳಲ್ಲಿ ವ್ಯಾಪಕವಾಗಿತ್ತು. ಅದರ ನಿಯಂತ್ರಣಕ್ಕೆಂದು 1963ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವನ್ನು 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಲಾಯಿತು. (ಟ್ರಕೋಮ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಲು 2024ರವರೆಗೆ ಕಾಯಬೇಕಾಯಿತು.) 1976ರ ಕಾರ್ಯಕ್ರಮದ ಗುರಿ ನೂರಕ್ಕೆ 1.4ರಷ್ಟಿದ್ದ ಅಂಧತ್ವವನ್ನು 0.3ಕ್ಕೆ ಇಳಿಸುವುದು. ಜಿಲ್ಲಾ ಮಟ್ಟದ ಸಂಚಾರಿ ಘಟಕಗಳು, ಪ್ರಾದೇಶಿಕ ನೇತ್ರ ಸಂಸ್ಥೆಗಳು, 1978ರಿಂದ ಡೆನ್ಮಾರ್ಕಿನ ನೆರವು ಇವೆಲ್ಲ ಅದರ ಅಂಗಗಳಾಗಿದ್ದವಾದರೂ, ಈ ಲೇಖನದ ದೃಷ್ಟಿಯಿಂದ ಅತ್ಯಂತ ಮಹತ್ವದ್ದು ಹೆಚ್ಚು ಸದ್ದು ಮಾಡದ ಒಂದು ಹುದ್ದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷದ ತರಬೇತಿ ಪಡೆದ ನೇತ್ರ ಸಹಾಯಕರನ್ನು ನೇಮಿಸಿ, ದೃಷ್ಟಿ ಅಳೆಯುವುದು, ಕನ್ನಡಕದ ನಂಬರು ತೆಗೆಯುವುದು, ಪೊರೆ ಗುರುತಿಸುವುದು, ಶಸ್ತ್ರಕ್ರಿಯೆಯಾದವರನ್ನು ಮತ್ತೆ ನೋಡುವುದು ಮುಂತಾದ ಕೆಲಸಗಳನ್ನು ಅವರಿಗೆ ವಹಿಸುವ ಯೋಜನೆ ಅದು. ಕರ್ನಾಟಕದ ಆರೋಗ್ಯ ಇಲಾಖೆಯಲ್ಲಿ ನೇತ್ರಾಧಿಕಾರಿ ಎಂದು ಕರೆಯುವ ಈ ಸಿಬ್ಬಂದಿಯ ಮೂಲಕ, ಕಣ್ಣು ಬಲ್ಲ ಒಬ್ಬರು ಊರ ಸಮೀಪದಲ್ಲಿ ಖಾಯಂ ಆಗಿ ಇರುವ ವ್ಯವಸ್ಥೆ ಕಾಗದದ ಮೇಲಾದರೂ ಹುಟ್ಟಿತು. ಕಾಗದದ ಮೇಲೆ ಎನ್ನಬೇಕಾದದ್ದು ಏಕೆಂದರೆ, ಪರೀಕ್ಷಾ ಸಲಕರಣೆ ಇಲ್ಲದ, ಬೇರೆ ಕೆಲಸಗಳಿಗೆ ಎಳೆದೊಯ್ಯುವ, ಮೇಲಿನ ಶಸ್ತ್ರಕೊಠಡಿಯೊಂದಿಗೆ ಸಂಬಂಧವಿಲ್ಲದ ಕಡೆ ಈ ಹುದ್ದೆ ಏನನ್ನೂ ಸಾಧಿಸುವಂತಿರಲಿಲ್ಲ.

ಕಾರ್ಯಕ್ರಮದ ಯಶಸ್ಸನ್ನು ಅಳೆಯುವ ಕೋಲೂ ಒಂದು ಕಥೆಯೇ. ಆರು ಮೀಟರ್ ದೂರದಿಂದ ಬೆರಳೆಣಿಸಲಾಗದವರನ್ನು ಭಾರತ ಅಂಧರೆಂದು ಎಣಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಮೂರು ಮೀಟರ್. 1986–89ರ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣ ಇಳಿಯುವ ಬದಲು 1.49ಕ್ಕೆ ಏರಿ, ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲಿಗೆ ಪೊರೆಯೇ ಕಾರಣವೆಂದು ಕಂಡುಬಂದದ್ದು ದೊಡ್ಡ ಆಘಾತವಾಯಿತು. ವಿಶ್ವಬ್ಯಾಂಕಿನ ಸಾಲದ ಯೋಜನೆ 1994ರಿಂದ 2002ರವರೆಗೆ ಏಳು ರಾಜ್ಯಗಳಲ್ಲಿ ನಡೆದು ಒಂದೂವರೆ ಕೋಟಿಗೂ ಮಿಕ್ಕಿದ ಪೊರೆಯ ಶಸ್ತ್ರಕ್ರಿಯೆಗಳಿಗೆ ಕಾರಣವಾಯಿತು. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. 2006–07ರಲ್ಲಿ ಪ್ರಮಾಣ 1.0, 2015–19ರಲ್ಲಿ 0.36. ಗುರಿ ಬಹುತೇಕ ಮುಟ್ಟಿದಂತೆ ಕಾಣುವ ಈ ಕೊನೆಯ ಅಂಕಿಯ ಹಿಂದೆ 2017ರಲ್ಲಿ ಭಾರತವೂ ಮೂರು ಮೀಟರಿನ ಅಳತೆಗೆ ಹೊರಳಿತೆಂಬ ಸಂಗತಿಯಿದೆ. ಇಳಿಕೆ ನಿಜವಾದದ್ದು, ಅಷ್ಟೂ ಇಳಿಕೆ ಚಿಕಿತ್ಸೆಯದಲ್ಲ.

ಶಿಬಿರದ ಕಾಲವನ್ನು ಮುಗಿಸಿದ್ದು ಟೀಕೆಯಲ್ಲ, ಕೃತಕ ಮಸೂರ. ಕಣ್ಣಿನೊಳಗೇ ಮಸೂರ ಕೂರಿಸುವ ಕೆಲಸವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿದ್ದರೂ, ಅದು ಭಾರತದ ಬಡವರನ್ನು ಮುಟ್ಟಲು ನಾಲ್ಕು ದಶಕಗಳು ಹಿಡಿದವು. ಮಸೂರದ ಚೀಲವನ್ನು ಕಣ್ಣಲ್ಲಿ ಉಳಿಸಿಕೊಂಡು ಅದರೊಳಗೆ ಪ್ಲಾಸ್ಟಿಕ್ ಮಸೂರವನ್ನಿಡಲು ಸೂಕ್ಷ್ಮದರ್ಶಕ ಬೇಕು, ಧೂಳಿಲ್ಲದ ಕೊಠಡಿ ಬೇಕು. ಶಾಲೆಯ ಬೆಂಚಿನ ಮೇಲೆ ಇದು ಆಗದು. ಆಮದು ಮಸೂರದ ಬೆಲೆ ಹಳ್ಳಿಯವರಿಗಿರಲಿ, ಸರ್ಕಾರಕ್ಕೂ ನಿಲುಕುತ್ತಿರಲಿಲ್ಲ. ಮದುರೆಯ ಅರವಿಂದ ಕಣ್ಣಾಸ್ಪತ್ರೆ 1992ರಲ್ಲಿ ಆರೋಲ್ಯಾಬ್ ಎಂಬ ತಯಾರಿಕಾ ಘಟಕವನ್ನು ತೆರೆದು ಈ ಮಸೂರಗಳನ್ನು ಆಮದಿನ ಬೆಲೆಯ ಒಂದು ಸಣ್ಣ ಪಾಲಿಗೆ ಕೊಡತೊಡಗಿದ ಮೇಲೆ ಲೆಕ್ಕಾಚಾರವೇ ಬದಲಾಯಿತು. ಸರ್ಕಾರ ಕ್ರಮೇಣ ತಾತ್ಕಾಲಿಕ ಮಂಟಪಗಳಲ್ಲಿ ಚೂರಿ ಹಿಡಿಯುವುದನ್ನು ನಿಲ್ಲಿಸಿ, ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಎಂಬ ನೀತಿಗೆ ಬಂದಿತು. ರೋಗಿಯನ್ನು ಬಸ್ಸಿನಲ್ಲಿ ಕರೆದೊಯ್ದು, ಒಂದೆರಡು ದಿನದಲ್ಲಿ ಊರಿಗೆ ಮುಟ್ಟಿಸುವುದು ವಾರವಿಡೀ ಮಲಗಿಸಿ ಅನ್ನ ಹಾಕುವುದಕ್ಕಿಂತ ಅಗ್ಗವೆಂಬುದು ಆಗ ಅರಿವಾಯಿತು.

ಅರವಿಂದ ಆಸ್ಪತ್ರೆಯನ್ನು ಕಟ್ಟಿದ ಜಿ. ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದ 1976ರಲ್ಲಿ ಅದನ್ನು 11 ಹಾಸಿಗೆಗಳೊಂದಿಗೆ ಆರಂಭಿಸಿದ್ದರು. ಕೀಲುವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಚೂರಿ ಹಿಡಿಯಲು ಕಲಿತ ಅವರ ಕಥೆ ಪ್ರಸಿದ್ಧವಾದದ್ದು. ಅಷ್ಟು ಪ್ರಸಿದ್ಧವಲ್ಲದ, ಆದರೆ ಹೆಚ್ಚು ತೂಕದ ಸಂಗತಿಯೆಂದರೆ ಅವರು ಹಳ್ಳಿಗಳಿಂದ ಶಾಲೆ ಮುಗಿಸಿದ ಹೆಣ್ಣುಮಕ್ಕಳನ್ನು ಆರಿಸಿ, ಎರಡು ವರ್ಷ ತರಬೇತಿ ಕೊಟ್ಟು, ದೃಷ್ಟಿ ಪರೀಕ್ಷೆಯಿಂದ ಶಸ್ತ್ರಕೊಠಡಿಯ ನೆರವಿನವರೆಗೆ ವೈದ್ಯರಲ್ಲದವರು ಮಾಡಬಹುದಾದ ಎಲ್ಲವನ್ನೂ ಅವರಿಗೆ ಒಪ್ಪಿಸಿದ್ದು. ಶಿಬಿರದ ಮೇಜಿನ ಸಾಲು ಇಲ್ಲೂ ಇದೆ. ಒಬ್ಬ ರೋಗಿಯ ಶಸ್ತ್ರಕ್ರಿಯೆ ನಡೆಯುವಾಗಲೇ ಪಕ್ಕದ ಮೇಜಿನಲ್ಲಿ ಮುಂದಿನವರು ಸಿದ್ಧರಾಗಿರುತ್ತಾರೆ. ವ್ಯತ್ಯಾಸವೆಂದರೆ ಈ ಮೇಜುಗಳು ಮರುದಿನವೂ ಅಲ್ಲೇ ಇರುತ್ತವೆ.

ಹೈದರಾಬಾದಿನಲ್ಲಿ 1987ರಲ್ಲಿ ಗುಲ್ಲಪಲ್ಲಿ ನಾಗೇಶ್ವರ ರಾವ್ ಸ್ಥಾಪಿಸಿದ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಇದನ್ನು ಇನ್ನೊಂದು ದಿಕ್ಕಿಗೆ ಒಯ್ದಿತು. ಅದರ ಮೊದಲ ಗ್ರಾಮೀಣ ಆಸ್ಪತ್ರೆ 1996ರಲ್ಲಿ ತೆರೆದದ್ದು ಮುಧೋಳದಲ್ಲಿ (ಬಾಗಲಕೋಟೆಯ ಮುಧೋಳವಲ್ಲ, ಅಂದಿನ ಆದಿಲಾಬಾದ್ ಜಿಲ್ಲೆಯ ಮುಧೋಳ). ಅದರ ಸುತ್ತ ಬೆಳೆದ ಯೋಜನೆಯ ಪ್ರಕಾರ ಸುಮಾರು 50,000 ಜನರಿಗೆ ಒಂದು ದೃಷ್ಟಿ ಕೇಂದ್ರ, 5 ಲಕ್ಷಕ್ಕೆ ಶಸ್ತ್ರಕ್ರಿಯೆ ಮಾಡುವ ಒಂದು ಆಸ್ಪತ್ರೆ, 50 ಲಕ್ಷಕ್ಕೆ ಒಂದು ದೊಡ್ಡ ಆಸ್ಪತ್ರೆ. ತಳದ ದೃಷ್ಟಿ ಕೇಂದ್ರದಲ್ಲಿ ವೈದ್ಯರಿಲ್ಲ. ಅದೇ ಪ್ರದೇಶದಿಂದ ಆರಿಸಿ ಒಂದು ವರ್ಷ ತರಬೇತಿ ಕೊಟ್ಟ ತಂತ್ರಜ್ಞರು ಒಂದೆರಡು ಕೊಠಡಿಗಳಲ್ಲಿ ಕಣ್ಣು ಪರೀಕ್ಷಿಸಿ, ಕನ್ನಡಕ ಕೊಟ್ಟು, ತಮ್ಮಿಂದಾಗದವರನ್ನು ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ. ಮದುರೆಯವರು 2004ರ ಸುಮಾರಿಗೆ ತೇಣಿ ಜಿಲ್ಲೆಯಲ್ಲಿ ಇಂಥವೇ ಕೇಂದ್ರಗಳನ್ನು ತೆರೆದು, ನಿಸ್ತಂತು ಸಂಪರ್ಕದ ಮೂಲಕ ಆಸ್ಪತ್ರೆಯ ವೈದ್ಯರು ಅಲ್ಲಿನ ರೋಗಿಯೊಂದಿಗೆ ತೆರೆಯ ಮೇಲೆ ಮಾತಾಡುವ ಏರ್ಪಾಡು ಮಾಡಿದರು. ಈ ಕೇಂದ್ರಗಳಿಗೆ ಬರುವವರಲ್ಲಿ ಬಹಳಷ್ಟು ಮಂದಿಗೆ ಬೇಕಾದದ್ದು ಚಾಳೀಸು, ಅಂದರೆ ನಲವತ್ತರ ನಂತರ ಹತ್ತಿರದ ದೃಷ್ಟಿಗೆ ಬೇಕಾಗುವ ಕನ್ನಡಕ. ಸೂಜಿಗೆ ದಾರ ಪೋಣಿಸಲಾಗದ ದರ್ಜಿ, ಅಕ್ಕಿಯ ಕಲ್ಲು ಕಾಣದ ಗೃಹಿಣಿ ಯಾವ ಶಿಬಿರದ ಅಂಕಿಪಟ್ಟಿಯಲ್ಲೂ ಸೇರಿರಲಿಲ್ಲ. ಹತ್ತಿರದಲ್ಲಿ ಕೇಂದ್ರವೊಂದು ಇದ್ದಾಗ ಹೆಂಗಸರ ಪಾಲೂ ಹೆಚ್ಚಾಗುವ ಸಾಧ್ಯತೆಯಿದೆ. ಸಮೀಕ್ಷೆಗಳಲ್ಲಿ ಅಂಧತ್ವ ಹೆಂಗಸರಲ್ಲಿ ಹೆಚ್ಚಿದ್ದೂ ಶಸ್ತ್ರಕ್ರಿಯೆ ಪಡೆದವರಲ್ಲಿ ಅವರ ಪಾಲು ಕಡಿಮೆಯಿದ್ದುದು ಮತ್ತೆ ಮತ್ತೆ ಕಂಡುಬಂದಿದೆ, ಏಕೆಂದರೆ ಮನೆಯ ಹಿರಿಯನನ್ನು ಪಟ್ಟಣಕ್ಕೆ ಕರೆದೊಯ್ಯಲು ಒದಗುವ ಹಣ ಮತ್ತು ಜೊತೆ ಹಿರಿಯಳಿಗೆ ಒದಗುವುದು ತಡವಾಗಿ.

ಕರ್ನಾಟಕದಿಂದ ಈ ಚರಿತ್ರೆಗೆ ಸೇರಿದ ಹೊಸ ಅಧ್ಯಾಯದಲ್ಲಿ ರೋಗಿಗಳು ಮುದುಕರಲ್ಲ, ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳು. ಅಂಥ ಶಿಶುವಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತುಬಿಡುವ ರೋಗವೊಂದಿದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಅದನ್ನು ಕಂಡುಹಿಡಿದು, ಕಂಡ ಎರಡು ಮೂರು ದಿನಗಳೊಳಗೆ ಲೇಸರ್ ಚಿಕಿತ್ಸೆ ಕೊಡದಿದ್ದರೆ ಕುರುಡು ಶಾಶ್ವತವಾಗಬಹುದು. ಜಿಲ್ಲೆಗಳಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳು ಹೆಚ್ಚಿ ಕಿರುತೂಕದ ಮಕ್ಕಳು ಬದುಕುಳಿಯತೊಡಗಿದಂತೆ ಈ ಕುರುಡೂ ಜಿಲ್ಲೆಗಳಿಗೆ ಬಂದಿತು, ಅದನ್ನು ಗುರುತಿಸಬಲ್ಲ ತಜ್ಞರು ಮಾತ್ರ ರಾಜಧಾನಿಯಲ್ಲೇ ಉಳಿದರು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ವೈದ್ಯರಲ್ಲದ ತಂತ್ರಜ್ಞರು ಒಯ್ಯಬಹುದಾದ ಕ್ಯಾಮೆರಾದೊಂದಿಗೆ ಜಿಲ್ಲೆಗಳ ಶಿಶು ಘಟಕಗಳಿಗೆ ಗೊತ್ತಾದ ದಿನಗಳಲ್ಲಿ ಹೋಗಿ, ಹಿಂಪರದೆಯ ಚಿತ್ರ ತೆಗೆದು, ಪ್ರಾಥಮಿಕ ತೀರ್ಮಾನವನ್ನು ತಾವೇ ಮಾಡುತ್ತಾರೆ. ಬೆಂಗಳೂರಿನ ತಜ್ಞರು ಚಿತ್ರವನ್ನು ದೂರದಿಂದಲೇ ನೋಡುತ್ತಾರೆ. ಇಲ್ಲಿ ಸಂಚಾರ ಮತ್ತೆ ಬಂದಿದೆ, ಮುಂದಿನ ವಾರ ಅದೇ ಮಗುವಿನ ಕಣ್ಣನ್ನು ಮತ್ತೆ ನೋಡುವ ಕರಾರಿನೊಂದಿಗೆ.

ಪೊರೆಯ ಸುತ್ತ ಬೆಳೆದ ಈ ಏರ್ಪಾಡು ಈಗ ಪೊರೆಯಲ್ಲದ ರೋಗಗಳನ್ನು ಎದುರಿಸಬೇಕಾಗಿದೆ. 2015–19ರ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಅಂಧತ್ವದ ಮೂರರಲ್ಲಿ ಎರಡು ಪಾಲಿಗೆ ಇನ್ನೂ ಪೊರೆಯೇ ಕಾರಣವಾಗಿದ್ದರೂ, ಕಣ್ಣಿನ ಒತ್ತಡದಿಂದ ನರ ಸಾಯುವ ಗ್ಲಾಕೋಮ, ಸಕ್ಕರೆ ಕಾಯಿಲೆಯಿಂದ ಹಿಂಪರದೆ ಹಾಳಾಗುವ ರೋಗ ಇವೆರಡೂ ಹಳ್ಳಿಗಳಲ್ಲಿ ಬೇರೂರುತ್ತಿವೆ. ಇವುಗಳಲ್ಲಿ ಕಳೆದ ದೃಷ್ಟಿ ಬಹುಮಟ್ಟಿಗೆ ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದಷ್ಟೆ. ಹೀಗಾಗಿ ಕಟ್ಟು ಬಿಚ್ಚಿದ ಕ್ಷಣದ ಸಂತೋಷವನ್ನು ತೋರಿಸಿ ದಾನಿಗಳ ಮನ ಗೆಲ್ಲುವ ಅವಕಾಶ ಇಲ್ಲಿಲ್ಲ. ಗ್ಲಾಕೋಮದ ಹನಿಮದ್ದನ್ನು ಬದುಕಿರುವವರೆಗೆ ಪ್ರತಿದಿನ ಹಾಕಿಕೊಳ್ಳಬೇಕು, ಒತ್ತಡವನ್ನು ಕೆಲವು ತಿಂಗಳಿಗೊಮ್ಮೆ ಅಳೆಸಬೇಕು. ಕರ್ನಾಟಕ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ದೃಷ್ಟಿ ತಪಾಸಣೆ ನಡೆಸಿ ದೋಷವಿದ್ದವರನ್ನು ಕಳಿಸುತ್ತಿದ್ದಾರೆ. ಓದುಪಟ್ಟಿಯ ಅಕ್ಷರಗಳಲ್ಲಿ ಪೊರೆಯೂ ಚಾಳೀಸೂ ಸಿಕ್ಕಿಬೀಳುತ್ತವೆ, ಆರಂಭದ ಗ್ಲಾಕೋಮ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಒತ್ತಡ ಅಳೆಯುವ ಸಲಕರಣೆ, ಹಿಂಪರದೆಯ ಚಿತ್ರ ತೆಗೆಯುವ ಕ್ಯಾಮೆರಾ, ಅವೆರಡನ್ನೂ ಬಳಸಬಲ್ಲ ನೇತ್ರಾಧಿಕಾರಿ ತಾಲ್ಲೂಕಿನ ಕೆಳಗಿನ ಮಟ್ಟದಲ್ಲಿ ಬೇಕು. ಕನ್ನಡಕದ ಮಾರಾಟದಿಂದ ದೃಷ್ಟಿ ಕೇಂದ್ರಗಳು ತಮ್ಮ ಖರ್ಚಿನ ಒಂದು ಭಾಗವನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ, ಗ್ಲಾಕೋಮದ ತಪಾಸಣೆಯಿಂದ ಅಂಥ ಹುಟ್ಟುವಳಿ ಇಲ್ಲ. ಆ ಖರ್ಚನ್ನು ಹೊರುವವರು ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ.